ಹಬೆಯ ಜಗದೇವಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸ್ಟೀಮ್‌ಪಂಕ್ ಕಾಮಿಕ್ ‘ಹಬೆಯ ಜಗದೇವಿ’ಯ ಎರಡು ಭಾಗ ಬಂದಿವೆ. ಅಂದಿನಿಂದ ಒಂದೇ ಪ್ರಶ್ನೆಗೆ ಹತ್ತತ್ತು ಸಲ ಉತ್ತರ ಹೇಳಿ ಬಾಯಿ ಒಣಗಿದೆ. ಶರಣಬಸಪ್ಪನ ಜಾತ್ರೆಯಲ್ಲಿ ನಮ್ಮ ಮೇಜಿನ ಮುಂದೆ ನಿಂತು ಕೇಳಿದವರು, ಶಾಲೆಯಲ್ಲಿ ಕೈ ಎತ್ತಿದ ಮಕ್ಕಳು, ಕಾಗದ ಬರೆದವರು, ರಾತ್ರಿ ಹನ್ನೊಂದಕ್ಕೆ ಫೋನ್ ಹಚ್ಚಿದವರು, ಎಲ್ಲರ ಪ್ರಶ್ನೆಗಳೂ ಇಲ್ಲಿವೆ, ಅವರವರ ಮಾತಿನಲ್ಲೇ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ಕಥೆಯ ಕೊನೆ ಮಾತ್ರ ಎಲ್ಲೂ ಬಿಟ್ಟುಕೊಟ್ಟಿಲ್ಲ, ಹುಡುಕಬೇಡಿ.

## ಮೊದಲ ಸಲ ಕೈಗೆ ಎತ್ತಿಕೊಂಡವರಿಗೆ

ಸ್ಟೀಮ್ ಪಂಖಾ? ಏನ್ರಿ ಅದು, ಹೊಸ ನಮೂನಿ ಫ್ಯಾನಾ?

ಪಂಖಾ ಅಲ್ಲ, ಪಂಕ್. ಆದರೆ ಕಲಬುರಗಿಯ ಮೇ ತಿಂಗಳಲ್ಲಿ ಈ ತಪ್ಪು ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ.

ಕರೆಂಟು, ಪೆಟ್ರೋಲು ಬಂದೇ ಇಲ್ಲ ಅಂದುಕೊಳ್ಳಿ. ಹಬೆಯೇ ಎಲ್ಲ ಕೆಲಸ ಮಾಡುತ್ತದೆ. ಗಾಡಿ, ಹಾರುವ ಯಂತ್ರ, ಗಡಿಯಾರ, ನೀರು ಎತ್ತುವ ಕೈ, ಎಲ್ಲಕ್ಕೂ ಹಬೆ. ಹಲ್ಲಿನ ಚಕ್ರಗಳು ಕಣ್ಣಿಗೆ ಕಾಣುತ್ತವೆ, ಹಿತ್ತಾಳೆ ಹೊಳೆಯುತ್ತದೆ, ಕೊಳವೆ ಬುಸುಗುಟ್ಟುತ್ತದೆ. ಇಂಥ ಲೋಕದ ಕಥೆಗಳಿಗೆ ಸ್ಟೀಮ್‌ಪಂಕ್ ಅನ್ನುತ್ತಾರೆ. ಈ ಹೆಸರು ಇಟ್ಟವರು ಅಮೆರಿಕದ ಲೇಖಕ ಕೆ. ಡಬ್ಲ್ಯೂ. ಜೀಟರ್. 1987ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಕಾಗದದಲ್ಲಿ, ಅರ್ಧ ತಮಾಷೆಗೆ ಇಟ್ಟ ಹೆಸರು ಅದು. ಅದೇ ಅಂಟಿಕೊಂಡಿತು.

ಕಥಿ ಏನದ, ಒಂದ್ ಮಾತ್ನಾಗ ಹೇಳ್ರಿ.

ವರ್ಷ 1874. ಜಗದೇವಿಗೆ ಹತ್ತೊಂಬತ್ತು. ಅಪ್ಪ ವಾಡಿ ಜಂಕ್ಷನ್‌ನಲ್ಲಿ ಇಂಜಿನ್ನಿಗೆ ಬೆಂಕಿ ಹಾಕುವವ. ಮುತ್ಯಾ (ಅಜ್ಜ) ಸಾಯುವಾಗ ಅವಳ ಕೈಗೆ ಅರ್ಧಕ್ಕೆ ಬಿಟ್ಟ ಬಿದ್ರಿ ತಟ್ಟೆಯೊಂದನ್ನು ಕೊಡುತ್ತಾನೆ. ಅದರಲ್ಲಿ ಒಂದು ನಕ್ಷೆ ಅಡಗಿದೆ. ಅದರ ಹಿಂದೆ ಅವಳು ಬೀದರಿನ ಮಣ್ಣಿನ ಕೆಳಗೆ ಇಳಿಯುತ್ತಾಳೆ.

ಒಂದು ಮಾತು ಅಂದಿರಿ, ಆರಾಯ್ತು. ಇರಲಿ.

ಎಷ್ಟು ವಯಸ್ಸಿನ ಮಕ್ಕಳಿಗೆ ಕೊಡಬಹುದು?

ಹತ್ತು ದಾಟಿದವರಿಗೆ. ರಕ್ತ ಕಮ್ಮಿ, ಕತ್ತಲೆ ಜಾಸ್ತಿ.

ಹೀರೋ ಹುಡುಗಿ ಯಾಕೆ? ಹುಡುಗರು ಓದ್ತಾರಾ?

ಓದುತ್ತಾರೆ. ನನ್ನ ಅಣ್ಣನ ಮಗ ಎರಡನೇ ಭಾಗವನ್ನು ಊಟದ ತಾಟಿನ ಪಕ್ಕದಲ್ಲೇ ಇಟ್ಟುಕೊಂಡು ಓದಿ ಪುಟಗಳಿಗೆಲ್ಲ ಶೇಂಗಾ ಹಿಂಡಿ ಹಚ್ಚಿದ್ದಾನೆ.

ಬೇರೆ ಕಾಮಿಕ್ ಬರೆದ ಗೆಳೆಯರನ್ನು ‘ಹೀರೋ ಹುಡುಗ ಯಾಕೆ’ ಅಂತ ಯಾರೂ ಕೇಳಿದ್ದು ನಾನು ಕಂಡಿಲ್ಲ. ಆದರೂ ಉತ್ತರ ಬೇಕೇ ಬೇಕು ಅನ್ನುವವರಿಗೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ಸ್ಟೋವಿಗೆ ವಾಷರ್ ಹಾಕುತ್ತಿದ್ದವಳು, ಹೊಲಿಗೆ ಯಂತ್ರ ಬಿಚ್ಚಿ ಎಣ್ಣೆ ಬಿಡುತ್ತಿದ್ದವಳು ನಮ್ಮ ಆಯಿ. ಯಂತ್ರ ರಿಪೇರಿ ಮಾಡುವ ಮನುಷ್ಯ ಅಂದರೆ ನನ್ನ ಕಣ್ಣಿಗೆ ಬರುವುದೇ ಅವಳ ಕೈ.

ಸೀರೆ ಉಟ್ಟು ಸುರಂಗಕ್ಕೆ ಇಳಿಯೋದು ಆಗುತ್ತಾ? ಪ್ಯಾಂಟ್ ಹಾಕಿಸಬಾರದಾ?

ನಮ್ಮ ಕಡೆ ಹೊಲದಲ್ಲಿ ಕಳೆ ಕೀಳುವವರನ್ನು ನೋಡಿ. ಕಚ್ಚೆ ಹಾಕಿ ಸೀರೆ ಉಟ್ಟರೆ ಅದು ಪ್ಯಾಂಟಿಗಿಂತ ಸಡಿಲ. ಜಗದೇವಿ ಹಾಗೇ ಉಡುತ್ತಾಳೆ. ಇನ್ನೊಂದು ಲಾಭವೂ ಇದೆ. ಅವಳ ಪಾನಾ, ಇಕ್ಕಳ, ಎರಡು ರೊಟ್ಟಿ, ಎಲ್ಲ ಉಡಿಯಲ್ಲೇ ಕೂರುತ್ತವೆ. ಇಂಥ ಕಥೆಗಳಲ್ಲಿ ವಿಲಾಯತಿಯ ಉದ್ದ ಟೋಪಿ, ಬಿಗಿ ಕುಪ್ಪಸ ವಾಡಿಕೆ. ಶಹಾಬಾದಿನ ಬಿಸಿಲಿಗೆ ಅದನ್ನು ಹಾಕಿಸಿದರೆ ಎರಡನೇ ಪುಟದಲ್ಲೇ ಆಕೆ ಬಿದ್ದುಹೋಗುತ್ತಾಳೆ. ಟೋಪಿ ಬದಲು ತಲೆಗೆ ರುಮಾಲು ಸುತ್ತಿಸಿದೆವು. ಧೂಳಿನ ಕನ್ನಡಕ ಮಾತ್ರ ಉಳಿಸಿಕೊಂಡೆವು, ಅದು ಇಲ್ಲೂ ಬೇಕು.

ಈ ಮಾತು ಬೆಂಗಳೂರು, ಮೈಸೂರಿನವರಿಗೆ ತಿಳಿಯುತ್ತಾ?

ವಿವರಣೆಯ ಸಾಲು ಪುಸ್ತಕದ ಕನ್ನಡದಲ್ಲಿದೆ. ಗುಳ್ಳೆಯೊಳಗಿನ ಮಾತು ನಮ್ಮ ಕಡೆಯದು. ‘ಏನ್ ಮಾಡ್ಲಾಕತ್ತಿ’ ಅಂದರೆ ಚಿತ್ರ ನೋಡಿದರೆ ಗೊತ್ತಾಗುತ್ತದೆ, ಅಲ್ವಾ? ಜಗದೇವಿಯ ಜೊತೆಗಾರ ಚಾಂದ್ ಬಿದ್ರಿ ಕೆಲಸದ ಹುಡುಗ. ಅವನು ನಡುನಡುವೆ ‘ನಕ್ಕೋ’ ಅನ್ನುತ್ತಾನೆ. ಬೇಡ ಅಂತ ಅರ್ಥ. ಬೀದರಿನ ಓಣಿಯಲ್ಲಿ ಕನ್ನಡ, ದಖನಿ, ಮರಾಠಿ ಒಂದೇ ಉಸಿರಲ್ಲಿ ಬರುತ್ತವೆ. ಅದನ್ನು ತೊಳೆದು ಇಸ್ತ್ರಿ ಮಾಡಲು ನನಗೆ ಮನಸ್ಸಾಗಲಿಲ್ಲ.

## ಊರು ಮತ್ತು ಇತಿಹಾಸ

ಇದ್ರಾಗ ಖರೆ ಎಷ್ಟದ, ಸುಳ್ಳು ಎಷ್ಟದ?

ಒಂದೇ ಒಂದು ದೊಡ್ಡ ಸುಳ್ಳಿದೆ. ಉಳಿದದ್ದೆಲ್ಲ ಅದರ ಮಕ್ಕಳು ಮರಿಗಳು.

ಮಹಮೂದ್ ಗವಾನ್ ಇರಾನಿನ ಗಿಲಾನ್‌ನಿಂದ ಬಂದವನು, ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ. ಮೂರು ಅಂತಸ್ತು, ಬಣ್ಣದ ಹೆಂಚಿನ ಗೋಡೆ, ದೊಡ್ಡ ಪುಸ್ತಕ ಭಂಡಾರ. ಆಗದವರು ಅವನ ಮುದ್ರೆ ಒತ್ತಿದ ಕಳ್ಳ ಪತ್ರ ಹುಟ್ಟಿಸಿದರು. ಸುಲ್ತಾನ ನಂಬಿದ. 1481ರಲ್ಲಿ ತಲೆ ಹೋಯಿತು. ಇದೆಲ್ಲ ಖರೆ. ಆಮೇಲೆ ಔರಂಗಜೇಬನ ಕಾಲದಲ್ಲಿ ಆ ಮದರಸಾದಲ್ಲಿ ಇಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಇವತ್ತು ಉಳಿದಿರುವುದು ಒಂದೇ ಮಿನಾರು. ಅದೂ ಖರೆ.

ಗವಾನನ ಜೊತೆ ಹಬೆಯ ಗುಟ್ಟು ಬಲ್ಲ ಕಮ್ಮಾರರೂ ಬಂದಿದ್ದರೆ? ಇದು ನಮ್ಮ ಸುಳ್ಳು. ಹಾಗಾಗಿ ನಮ್ಮ ಲೋಕದಲ್ಲಿ ಬೀದರಿಗೆ ಹಬೆ ಇಂಗ್ಲೆಂಡಿಗಿಂತ ಮುನ್ನೂರು ವರ್ಷ ಮೊದಲೇ ಬಂದಿದೆ, ಗವಾನ್ ಸತ್ತ ಮೇಲೆ ಮಣ್ಣಿನ ಕೆಳಗೆ ಸೇರಿದೆ.

1874 ಯಾಕೆ ಅಂತಲೂ ಕೇಳುತ್ತಾರೆ. ಮುಂಬೈ–ಮದ್ರಾಸ್ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿತು. ಮೂರು ವರ್ಷಕ್ಕೆ, 1874ರಲ್ಲಿ, ನಿಜಾಮರ ರೈಲು ವಾಡಿಯಿಂದ ಹೈದರಾಬಾದಿನ ಕಡೆ ಹೊರಟಿತು. ನಮ್ಮ ನೆಲದಲ್ಲಿ ಹಬೆ ನಿಜವಾಗಿ ಕೂಗಿದ್ದು ಆಗ. ಗದ್ದುಗೆಯ ಮೇಲೆ ಎಳೆ ಹುಡುಗ ನಿಜಾಮ, ಆಡಳಿತ ದಿವಾನ ಸಾಲಾರ್ ಜಂಗನ ಕೈಯಲ್ಲಿ, ಕಚೇರಿಯ ಭಾಷೆ ಪಾರ್ಸಿ. ಕಥೆಗಾರರಿಗೆ ಇದಕ್ಕಿಂತ ಒಳ್ಳೆ ವರ್ಷ ಸಿಗುತ್ತದಾ?

ಬೀದರಿನ ಚೌಬಾರಾದ ಗಡಿಯಾರ ಮಾತ್ರ ನಾವು ಬೇಕಂತಲೇ ಹಿಂದಕ್ಕೆ ಎಳೆದದ್ದು. ಆ ಗುಂಡು ಗೋಪುರ ಮೊದಲು ಕಾವಲಿಗೆ ಇದ್ದದ್ದು. ಗಡಿಯಾರ ಕೂರಿಸಿದ್ದು ಆಮೇಲೆ.

ಬೀದರ್ ಕೆಳಗೆ ನಿಜವಾಗ್ಲೂ ಸುರಂಗ ಇದೆಯಾ? ಕುದುರೆ ಮೇಲೆ ಹೋಗಬಹುದು ಅಂತಾರಲ್ಲ?

ಸುರಂಗ ಇದೆ. ಕುದುರೆ ಕಥೆ ಬಿಡಿ, ಅದು ಕರ್ನಾಟಕದ ಪ್ರತಿ ಕೋಟೆಗೂ ಇದೆ.

ಬೀದರಿನದು ನೀರಿನ ಸುರಂಗ. ಕರೇಜ್ ಅನ್ನುತ್ತಾರೆ, ಜನರ ಬಾಯಲ್ಲಿ ಸುರಂಗ ಬಾವಿ. ಬಹಮನಿ ಸುಲ್ತಾನರ ಕಾಲದ್ದು, ವಿದ್ಯೆ ಇರಾನಿನದು. ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಮಳೆ ನೀರು ಆ ತೂತಿನ ಕಲ್ಲಿನಲ್ಲಿ ಇಳಿಯುತ್ತದೆ, ಕೆಳಗಿನ ಗಟ್ಟಿ ಕರಿಕಲ್ಲು ಮುಟ್ಟಿ ಅಲ್ಲೇ ನಿಲ್ಲುತ್ತದೆ. ಎರಡೂ ಕೂಡುವ ಮಟ್ಟದಲ್ಲಿ ತುಸುವೇ ಇಳಿಜಾರಾಗಿ ಕಾಲುವೆ ಕೊರೆದರು. ಪಂಪಿಲ್ಲ, ಎತ್ತಿಲ್ಲ, ನೀರು ತಾನೇ ನಡೆದು ಬರುತ್ತದೆ. ನಡುನಡುವೆ ಮೇಲಿನಿಂದ ಬಾವಿಯಂಥ ಕಿಂಡಿಗಳಿವೆ. ಗಾಳಿಗೂ ಅವೇ, ಹೂಳು ತೆಗೆಯಲೂ ಅವೇ. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದ. ವರ್ಷಾನುಗಟ್ಟಲೆ ಜನ ಅದನ್ನು ಹಾಳು ಬಾವಿ ಅಂದುಕೊಂಡು ಕಸ ಸುರಿದರು.

ಮೊದಲ ಸಲ ಕಿಂಡಿಯ ಅಂಚಿನಲ್ಲಿ ಬಗ್ಗಿ ನೋಡಿದಾಗ ಕೆಳಗಿನಿಂದ ತಣ್ಣನೆ ಗಾಳಿ ಮುಖಕ್ಕೆ ಬಂತು. ಜಗದೇವಿ ಹುಟ್ಟಿದ್ದು ಅಲ್ಲಿ.

ಬಿದ್ರಿ ತಟ್ಟೆಗೆ ಮಣ್ಣು ಹಚ್ಚಿದ್ರೆ ನಕ್ಷೆ ಮೂಡುತ್ತೆ ಅಂತ ತೋರಿಸಿದ್ದೀರಿ. ಜಾದೂನಾ?

ಇದರಲ್ಲಿ ನಾನು ಒಂದು ಗೆರೆಯನ್ನೂ ಸೇರಿಸಿಲ್ಲ. ಬಿದ್ರಿ ಕೆಲಸ ನಡೆಯುವುದೇ ಹೀಗೆ.

ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಮೈ ನುಣ್ಣಗೆ ಮಾಡಿ ಮೈಲುತುತ್ತದ ನೀರು ಸವರುತ್ತಾರೆ, ಗೆರೆ ಕಾಣಲಿ ಅಂತ ತಾತ್ಕಾಲಿಕ ಕಪ್ಪು. ಉಳಿಯಿಂದ ಹೂಬಳ್ಳಿ ಕೊರೆದು ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜುತ್ತಾರೆ. ಆ ಹಂತದಲ್ಲಿ ತಟ್ಟೆ ನೋಡಿ. ಸತುವೂ ಬಿಳಿ, ಬೆಳ್ಳಿಯೂ ಬಿಳಿ. ಚಿತ್ರ ಮಾಯ! ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ, ಬಿಸಿ ಮಾಡಿದ ತಟ್ಟೆಗೆ ಹಚ್ಚುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಕತ್ತಲಲ್ಲಿ ಚಿತ್ರ ಎದ್ದು ಕೂರುತ್ತದೆ.

ಮುತ್ಯಾನ ತಟ್ಟೆ ನಿಂತದ್ದು ಆ ಕೊನೆಯ ಹಂತದ ಮುಂಚೆ. ಅಷ್ಟೇ ಗುಟ್ಟು. ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಈ ಕಲೆಗಾಗಿ ಪದ್ಮಶ್ರೀ ಬಂತು.

ಎಲ್ಲಾ ಬೀದರ್‌ದೇ ಆಯ್ತಲ್ರಿ. ನಮ್ ಕಲಬುರಗಿ ಏನ್ ಪಾಪ ಮಾಡ್ಯದ? ಯಾದಗಿರಿ?

ಬೈಗುಳ ಒಪ್ಪಿಕೊಂಡೆ. ಎರಡನೇ ಭಾಗದ ಅರ್ಧ ಕಲಬುರಗಿ ಕೋಟೆಯಲ್ಲೇ ನಡೆಯುತ್ತದೆ. ಬಾರಾ ಗಜಿ ತೋಪು ಇದೆಯಲ್ಲ, 29 ಅಡಿ ಉದ್ದದ್ದು? ಅದನ್ನು ನಮ್ಮ ಕಳ್ಳರು ಹಬೆಯ ಕೊಳವೆ ಮಾಡಿಕೊಂಡಿದ್ದಾರೆ. 1367ರ ಜಾಮಿ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಚಾವಣಿ. ಆ ಕಮಾನುಗಳ ಸಾಲು ಬರೆಯಲು ನಮ್ಮ ಚಿತ್ರಗಾರ ತಿಂಗಳು ತಗೊಂಡ. ಅವನಿಗೆ ಈಗಲೂ ಕನಸಲ್ಲಿ ಕಮಾನೇ ಬರುತ್ತವಂತೆ.

ಯಾದಗಿರಿಯವರು ಮೂರನೇ ಭಾಗಕ್ಕೆ ಕಾಯಿರಿ. ಸುರಪುರಕ್ಕೆ ಹೋಗುತ್ತೇವೆ. 1858ರಲ್ಲಿ ಅಲ್ಲಿನ ದೊರೆ ವೆಂಕಟಪ್ಪ ನಾಯಕನ ದಂಗೆ ಮುರಿದು ಇನ್ನೂ ಹದಿನಾರೇ ವರ್ಷ. ಆ ದಿನಗಳನ್ನು ಕಣ್ಣಾರೆ ಕಂಡವರು ಊರಲ್ಲಿ ಬದುಕಿರುವ ಕಾಲ. ಗುಡ್ಡದ ಮೇಲಿನ ಟೇಲರ್ ಮಂಜಿಲ್, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಬಂಗಲೆ, ಕೂಡ ಬರುತ್ತದೆ.

## ನಿಧಿಯ ವಿಚಾರ

ಅಕ್ಕಾರ, ಪುಸ್ತಕದಾಗಿನ ನಕ್ಷಾ ಖರೆ ಅದ ಏನ್ರಿ? ಅಂಥಾದೇ ತಟ್ಟಿ ನಮ್ ಮನ್ಯಾಗ ಅದ.

ಇಲ್ಲ. ಇಲ್ಲ. ಇಲ್ಲ.

ಇಂಥ ಫೋನ್ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಒಬ್ಬರು ಅಮಾವಾಸ್ಯೆ ಯಾವಾಗ ಅಂತಲೂ ಸೇರಿಸಿ ಕೇಳಿದರು. ಆ ನಕ್ಷೆ ನಾನು ಅಡುಗೆಮನೆಯಲ್ಲಿ ಕೂತು ಬರೆದದ್ದು. ನದಿಯ ತಿರುವು ಅಂತ ನೀವು ತಿಳಿದದ್ದು ಚಹಾ ಲೋಟ ಇಟ್ಟ ಕಲೆ. ಚೆನ್ನಾಗಿ ಕಾಣುತ್ತದೆ ಅಂತ ಹಾಗೇ ಬಿಟ್ಟೆ.

ನಗುವ ಮಾತು ಇಷ್ಟೇ. ನಿಧಿ ಆಸೆಗೆ ನಮ್ಮ ಕಡೆ ರಾತ್ರೋರಾತ್ರಿ ಗುಡಿಯ ನೆಲ ಅಗೆಯುತ್ತಾರೆ, ಲಿಂಗ ಕೀಳುತ್ತಾರೆ, ಗೋರಿ ಒಡೆಯುತ್ತಾರೆ. ಸಿಗುವುದು ಮಣ್ಣು. ಹಾಳಾಗುವುದು ಶಾಸನ, ವಿಗ್ರಹ. ಸನ್ನತಿಯಲ್ಲಿ 1986ರಲ್ಲಿ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನದ ಕಲ್ಲು ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ‘ರಾಯ ಅಸೋಕೊ’ ಅಂತ ಹೆಸರು ಕೊರೆದ, ಅಶೋಕನ ಚಿತ್ರವಿರುವ ಚಪ್ಪಡಿಯೇ ಸಿಕ್ಕಿತು. ಅದನ್ನು ಯಾರೋ ಚಿನ್ನ ಇದೆ ಅಂತ ಮೊದಲೇ ಒಡೆದಿದ್ದರೆ?

ಅದಕ್ಕೇ ಬರೆಯುವ ಮುಂಚೆ ಒಂದು ಕಟ್ಟಳೆ ಹಾಕಿಕೊಂಡೆವು. ಎರಡೂ ಭಾಗ ತಿರುವಿ ನೋಡಿ, ಜಗದೇವಿಯ ಕೈಯಲ್ಲಿ ಒಮ್ಮೆಯೂ ಗುದ್ದಲಿ ಇಲ್ಲ. ಪಾನಾ ಇದೆ, ಕಂದೀಲು ಇದೆ. ಅಗೆಯುವವರೆಲ್ಲ ಖಳರು.

ಅವಳಿಗೆ ಸಿಕ್ಕಿದ್ದು ಅವಳದೇ ಆಗುತ್ತಾ? ಕಾನೂನು ಏನು ಹೇಳುತ್ತೆ?

ಕಾಯ್ದೆಯ ವಿಚಾರದಲ್ಲೂ ನಮ್ಮ ಜಿಲ್ಲೆಗೆ ಹಳೇ ನಂಟು. ಮಿತಾಕ್ಷರ ಅನ್ನುವ ಧರ್ಮಶಾಸ್ತ್ರದ ಟೀಕೆ ಬರೆದ ವಿಜ್ಞಾನೇಶ್ವರ ಕಲಬುರಗಿ ಹತ್ತಿರದ ಮರತೂರಿನವನು, ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದವನು. ಅವನು ಟೀಕೆ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ನಿಧಿಯ ಲೆಕ್ಕ ಇದೆ. ಸಿಕ್ಕದ್ದನ್ನು ರಾಜನಿಗೆ ಹೇಳದೆ ಮುಚ್ಚಿಟ್ಟು ಸಿಕ್ಕಿಬಿದ್ದರೆ ನಿಧಿಯೂ ಹೋಗುತ್ತದೆ, ದಂಡವೂ ಬೀಳುತ್ತದೆ.

ಬ್ರಿಟಿಷರ ನಿಧಿ ಕಾಯ್ದೆ 1878ರದ್ದು, ನಮ್ಮ ಕಥೆಗಿಂತ ನಾಲ್ಕು ವರ್ಷ ಆಮೇಲಿನದು. ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅನ್ನುತ್ತದೆ. ಈಗ ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ನಿಮಗೆ ಹೊಲ ಉಳುವಾಗ ಏನಾದರೂ ಸಿಕ್ಕರೆ ಸುಮ್ನೆ ಮನೆಗೆ ಒಯ್ಯಬೇಡಿ, ತಹಶೀಲ್ದಾರ್ ಕಚೇರಿಗೆ ಹೋಗಿ. ಜಗದೇವಿ ಏನು ಮಾಡುತ್ತಾಳೆ ಅಂತ ಮೂರನೇ ಭಾಗದಲ್ಲಿ ನೋಡಿ.

## ನೀವೂ ಕಾಮಿಕ್ ಬರೆಯುವವರಾದರೆ

ಕನ್ನಡ ಅಕ್ಷರ ಗುಳ್ಳೆಯಲ್ಲಿ ಕೂರೋದೇ ಇಲ್ಲ. ನೀವು ಹೇಗೆ ಮಾಡಿದ್ರಿ?

ಬಹಳ ಅತ್ತು ಮಾಡಿದೆವು. ಕನ್ನಡ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಸಾಲುಗಳನ್ನು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಪದಗಳೂ ಉದ್ದ. ‘ಹೋಗಬೇಕಾಗಿರಲಿಲ್ಲ’ ಒಂದೇ ಪದ, ಗುಳ್ಳೆ ಒಡೆದು ಹೊರಗೆ ಬರುತ್ತದೆ. ಹಾಗಾಗಿ ಮೊದಲು ಮಾತು ಬರೆದು, ಅದರ ಸುತ್ತ ಗುಳ್ಳೆ ಎಳೆದು, ಆಮೇಲೆ ಚಿತ್ರ ಬರೆಯಿರಿ. ಆಡುಮಾತು ಇಲ್ಲಿ ಕೈ ಹಿಡಿಯುತ್ತದೆ. ನಮ್ಮ ಕಡೆಯ ‘ಹೋಗೋದಿರ್ಲಿಲ್ಲ’ ಎಷ್ಟು ಗಿಡ್ಡ ನೋಡಿ.

ಮೊದಲ ಭಾಗ ಅಚ್ಚಾದಾಗ ಒಂದು ಅನಾಹುತವೂ ಆಯಿತು. ನಾವು ಕಳಿಸಿದ ಫಾಂಟ್ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇರಲಿಲ್ಲ. ಅರ್ಕಾವೊತ್ತುಗಳೆಲ್ಲ ಜಾಗ ಬಿಟ್ಟು ಎದ್ದು ಹೋದವು. ಒಂದು ಫಾರಂ ಪೂರಾ ಮತ್ತೆ ಹೊಡೆಸಬೇಕಾಯಿತು, ದುಡ್ಡು ನಮ್ಮದೇ. ಈಗ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿ, ಪಿಡಿಎಫ್ ಮಾಡಿ, ಕಾಗದದ ಮೇಲೆ ಪ್ರೂಫ್ ನೋಡದೆ ಒಪ್ಪಿಗೆ ಕೊಡುವುದಿಲ್ಲ.

ಯಾವ ಸಾಫ್ಟ್‌ವೇರ್? ದುಬಾರಿ ಟ್ಯಾಬ್ ಬೇಕಾ?

ಬೇಡ. ನಾವು ಬಳಸುವುದು ಕೃತಾ, ಉಚಿತ. ಪೆನ್ಸಿಲ್ ಕೆಲಸ ಎ3 ಹಾಳೆಯ ಮೇಲೆ, ಸ್ಕ್ಯಾನ್ 600 ಡಿಪಿಐ.

ಸದ್ದುಗಳನ್ನು ಎಲ್ಲಿಂದ ತಂದ್ರಿ?

ಕನ್ನಡಕ್ಕೆ ಸದ್ದಿನ ಬರವೇ? ಹಬೆ ಬಿಟ್ಟರೆ ‘ಬುಸ್ಸ್’, ಕೊಳವೆ ಸೋರಿದರೆ ‘ಸುಂಯ್’, ಬಾಯ್ಲರ್ ಕುದಿದರೆ ‘ತಕಪಕ’, ಕಲ್ಲು ಉರುಳಿದರೆ ‘ದಡದಡ’.

## ಯಂತ್ರ ಬಿಚ್ಚಿ ನೋಡುವವರಿಗೆ

ಸುರಂಗದೊಳಗೆ ಕಟ್ಟಿಗೆ ಸುಟ್ರೆ ಉಸಿರು ಕಟ್ಟಿ ಸಾಯಲ್ವಾ? ಇಷ್ಟೂ ಗೊತ್ತಿಲ್ವಾ ನಿಮಗೆ?

ಗೊತ್ತಿರಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ಚಿತ್ರ ಚೆಂದ ಬಂತು ಅಂತ ಯೋಚಿಸಲಿಲ್ಲ. ಮೊದಲ ಭಾಗದಲ್ಲಿ ಜಗದೇವಿಯ ಗಾಡಿ ಒಲೆ ಉರಿಸಿಕೊಂಡೇ ಕರೇಜಿನೊಳಗೆ ಹೋಗುತ್ತದೆ. ಖರೆ ಜೀವನದಲ್ಲಿ ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಅವಳನ್ನು ಸ್ವಲ್ಪ ಹೊತ್ತಿನಲ್ಲೇ ಮುಗಿಸುತ್ತಿದ್ದವು. ಇದನ್ನು ಹಿಡಿದವರು ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರು, ನಾಲ್ಕು ಪುಟದ ಕಾಗದ ಬರೆದರು.

ಎರಡನೇ ಭಾಗದಲ್ಲಿ ಗಾಡಿ ಬದಲಾಯಿಸಿದೆವು. ಈಗಿನದಕ್ಕೆ ಒಲೆಯೇ ಇಲ್ಲ. ಹೊರಗೆ ದೊಡ್ಡ ಬಾಯ್ಲರಿನಲ್ಲಿ ನೀರು ಕಾಯಿಸಿ, ಒತ್ತಡದಲ್ಲೇ ಗಾಡಿಯ ಹಂಡೆಗೆ ತುಂಬುತ್ತಾಳೆ. ನಿಮ್ಮ ಮನೆಯ ಕುಕ್ಕರಿನಲ್ಲಿ ನೀರು 120 ಡಿಗ್ರಿವರೆಗೆ ಹೋಗುತ್ತದೆ. ಗಾಳಿಯ ಒತ್ತಡದ ಹತ್ತು ಪಟ್ಟು ಒತ್ತಿದರೆ 180 ಡಿಗ್ರಿ ಮುಟ್ಟುವವರೆಗೂ ಕುದಿಯುವುದಿಲ್ಲ. ಕೀಲಿ ತಿರುಗಿಸಿ ಒತ್ತಡ ಸ್ವಲ್ಪ ಬಿಟ್ಟರೆ ಆ ನೀರು ತನ್ನ ಕಾವಿನಿಂದಲೇ ಹಬೆಯಾಗುತ್ತದೆ, ಗಾಡಿ ಓಡುತ್ತದೆ. ಕಾವು ತೀರಿದರೆ ನಿಲ್ಲುತ್ತದೆ. ಅದರಿಂದ ಕಥೆಗೆ ಗಡುವೂ ಸಿಕ್ಕಿತು. ಇದು ನಾವು ಕಟ್ಟಿದ್ದಲ್ಲ. 1870ರ ದಶಕದಲ್ಲೇ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಇಂಥ ಗಾಡಿ ಬೀದಿ ಹಳಿಯ ಮೇಲೆ ಓಡಿವೆ. ಮೇಷ್ಟ್ರಿಗೆ ಎರಡನೇ ಭಾಗ ಕಳಿಸಿದೆ. ಈ ಸಲ ಕಾಗದ ಒಂದೇ ಪುಟ ಬಂತು.

ಆ ಕಾಲಕ್ಕೆ ಇಲ್ಲಿ ಕಲ್ಲಿದ್ದಲು ಎಲ್ಲಿತ್ತು?

ತೆಲಂಗಾಣದ ಸಿಂಗರೇಣಿಯ ಕಲ್ಲಿದ್ದಲು ಗಣಿ ಆಗಿನ್ನೂ ಶುರುವಾಗಿರಲಿಲ್ಲ. ಜಗದೇವಿ ಉರಿಸುವುದು ಜಾಲಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು. ತೂಕಕ್ಕೆ ತೂಕ ನೋಡಿದರೆ ಕಟ್ಟಿಗೆ ಕೊಡುವ ಕಾವು ಕಲ್ಲಿದ್ದಲಿನ ಸುಮಾರು ಅರ್ಧ. ಅದಕ್ಕೇ ಅವಳ ಬಾಯ್ಲರ್ ಹಿಂದೆ ಯಾವಾಗಲೂ ಎರಡು ಎತ್ತಿನ ಬಂಡಿ ತುಂಬ ಕಟ್ಟಿಗೆ ಇರುತ್ತದೆ. ಹಬೆಯ ಯಂತ್ರದ ಬೆನ್ನಿಗೆ ಎತ್ತು! ನನಗೆ ಬಹಳ ಇಷ್ಟವಾದ ಚಿತ್ರ ಅದು.

ಬಾಯ್ಲರನ್ನೇ ಬಿದ್ರಿ ಲೋಹದಿಂದ ಮಾಡಿದ್ರೆ ಎಷ್ಟು ಚೆಂದ ಇರ್ತಿತ್ತು, ಅಲ್ವಾ?

ಚೆಂದ ಇರುತ್ತಿತ್ತು, ಒಂದೇ ದಿನ. ಸತು 419 ಡಿಗ್ರಿಗೆ ಕರಗುತ್ತದೆ, ಒಲೆಯ ಬೆಂಕಿ ಅದಕ್ಕಿಂತ ಎಷ್ಟೋ ಬಿಸಿ. ಮೇಲಾಗಿ ಅದು ಪೆಡಸು, ಬಿದ್ದರೆ ಒಡೆಯುತ್ತದೆ. ಬಿದ್ರಿ ಹೂಜಿ ಕೈತಪ್ಪಿಸಿದವರನ್ನು ಕೇಳಿ. ನಮ್ಮ ಬಾಯ್ಲರ್ ಕಬ್ಬಿಣದ್ದೇ. ಬಿದ್ರಿ ಇರುವುದು ಮುಳ್ಳಿನ ಹಲಗೆ, ದಿಕ್ಸೂಚಿ, ಹಿಡಿಕೆಗಳಲ್ಲಿ. ಕರಿ ಹಲಗೆಯ ಮೇಲೆ ಬೆಳ್ಳಿ ಅಂಕಿ ಕಂದೀಲಿನ ಬೆಳಕಲ್ಲೂ ಓದಲು ಬರುತ್ತದೆ.

ಗೋಡೆ ಮೇಲೆ 876 ಅಂತ ಯಾಕೆ ಬರುತ್ತೆ? ಆಮೇಲೆ ಜಗದೇವಿ ತನ್ನ ಹೆಸರನ್ನೇ ನಂಬರ್ ಮಾಡ್ತಾಳಲ್ಲ, ಅದು ಹೇಗೆ?

ಎರಡೂ ಹಳೇ ವಿದ್ಯೆ. ಅರಬ್ಬಿ ಅಕ್ಷರಗಳಿಗೆ ಒಂದೊಂದು ಬೆಲೆ ಇದೆ. ಕಟ್ಟಡದ ವರ್ಷವನ್ನು ಒಂದು ಮಾತಿನಲ್ಲಿ ಅಡಗಿಸುತ್ತಿದ್ದರು. ಗವಾನನ ಮದರಸಾಕ್ಕೆ ಹೇಳುವ ಮಾತು ‘ರಬ್ಬನಾ ತಕಬ್ಬಲ್ ಮಿನ್ನಾ’, ನಮ್ಮ ಒಡೆಯನೇ, ನಮ್ಮಿಂದ ಇದನ್ನು ಒಪ್ಪಿಸಿಕೋ ಅಂತ. ಮೊದಲ ಪದ 253, ಎರಡನೆಯದು 532, ಮೂರನೆಯದು 91. ಕೂಡಿಸಿದರೆ 876. ಅದು ಹಿಜರಿ ವರ್ಷ, ನಮ್ಮ ಲೆಕ್ಕಕ್ಕೆ 1471–72.

ಜಗದೇವಿಯದು ಕಟಪಯಾದಿ, ನಮ್ಮ ಅಕ್ಷರಗಳಿಗೆ ಅಂಕಿ ಕೊಡುವ ಲೆಕ್ಕ. ಕ, ಟ, ಪ, ಯ ನಾಲ್ಕೂ ಒಂದು. ಅಲ್ಲಿಂದ ಸಾಲಾಗಿ ಎಣಿಸಬೇಕು. ಜ ಎಂಟು, ಗ ಮೂರು, ದ ಎಂಟು, ವ ನಾಲ್ಕು. ಬಲದಿಂದ ಎಡಕ್ಕೆ ಓದಿದರೆ 4838. ಪಾರ್ಸಿ ಗೊತ್ತಿರುವ ಚಾಂದ್ ಒಂದು ಬಾಗಿಲು ತೆಗೆಯುತ್ತಾನೆ, ಕನ್ನಡದ ಲೆಕ್ಕ ಗೊತ್ತಿರುವ ಇವಳು ಇನ್ನೊಂದು.

ಎರಡನೇ ಭಾಗದ ಕೊನೆಯ ಪುಟದಲ್ಲಿ ಕಿಂಡಿಯ ಕಲ್ಲಿನ ಮೇಲೆ ಒಂದು ಸಾಲಿದೆ. ಅದಕ್ಕೆ ಯಾವ ಲೆಕ್ಕ ಹಾಕಬೇಕು ಅಂತ ನೀವೇ ನೋಡಿ. ಬಂದ ಅಂಕಿಗೆ ಒಬ್ಬರು ಫೋನ್ ಹಚ್ಚಿದ್ದರಂತೆ. ಅದು ಫೋನ್ ನಂಬರ್ ಅಲ್ಲರಿ, ಅಡಿ ಲೆಕ್ಕ.